ಚರಿಗೆ ಇಲ್ಲದ ಓಟ

ಸಿದ್ದಾಪುರ
ರವಿವಾರ, 12 ಜನವರಿ 2025

ನನ್ನ ಅವ್ವನಿಗೆ, ಮಗಳು ಲಲಿತಾ ಕಾಲು ಮುಟ್ಟಿ ಬರೆಯುವುದು.

ಕಾಲು ಮುಟ್ಟಿ ಅಂತ ಬರೆದೆನೇನೋ ಖರೆ, ಆದರೆ ಇವತ್ತು ನನಗೆ ಬಗ್ಗಲು ಬರುವುದಿಲ್ಲ. ತೊಡೆ ಎರಡೂ ಕಲ್ಲಾಗಿವೆ. ಯಾಕೆ ಅನ್ನುವುದು ಮುಂದೆ ಬರುತ್ತದೆ, ಅಲ್ಲಿಯ ತನಕ ಹೆದರಿ ಫೋನ್ ಮಾಡಬೇಡ. ನಾನು ಆರಾಮ ಇದ್ದೇನೆ. ನಿನ್ನ ಅಳಿಯನೂ ಆರಾಮ, ನಿನ್ನ ಬೀಗತಿಯೂ ಆರಾಮ. ಬೀಗತಿಯ ಹೆಸರು ಬಂದ ಕೂಡಲೇ ಪತ್ರ ಮಡಚಿ ಇಡಬೇಡ, ಪೂರ್ತಿ ಓದು.

ಫೋನ್ ಇರುವಾಗ ಪತ್ರ ಯಾಕೆ ಅಂತ ಕೇಳುತ್ತೀ. ನೀನು ಫೋನನ್ನು ಸ್ಪೀಕರಿಗೆ ಹಾಕಿ ಕಟ್ಟೆಯ ಮೇಲೆ ಇಟ್ಟು ಹಿಟ್ಟು ಸಾಣಿಸುತ್ತ ಕೂಡುತ್ತೀ. ನನ್ನ ಮಾತು ನಿನಗಿಂತ ಮೊದಲು ಓಣಿಗೆ ಮುಟ್ಟುತ್ತದೆ. ಹೋದ ವರ್ಷ ಹಲ್ಲುನೋವು ಅಂದದ್ದಕ್ಕೆ ನಿನ್ನ ಫೋನಿನಿಂದಲೇ ನಾಲ್ಕು ಮನೆಯವರು ನನಗೆ ಔಷಧ ಹೇಳಿದರು. ಇದು ಹಲ್ಲಿನ ವಿಷಯ ಅಲ್ಲ, ಸಂಡಾಸದ ವಿಷಯ. ನೀನು ಏಳನೇ ಕ್ಲಾಸಿನ ತನಕ ಓದಿದವಳು, ಒಬ್ಬಳೇ ಕೂತು ಓದು. ವಿಳಾಸದಲ್ಲಿ ಕೊಪ್ಪಳ ಜಿಲ್ಲೆ ಅಂತ ದಪ್ಪ ಅಕ್ಷರದಲ್ಲಿ ಬರೆದಿದ್ದೇನೆ. ನಮ್ಮ ಊರಿನ ಹೆಸರು ಬರೀ ಮಂಗಳೂರು ಅಂತ ಬರೆದರೆ ಈ ಪತ್ರ ಸಮುದ್ರದ ದಂಡೆಗೆ ಹೋಗಿ ಕೂಡುತ್ತದೆ.

ಈಗ ಒಪ್ಪಿಕೊಳ್ಳುತ್ತೇನೆ. ಅವ್ವಾ, ನಾನು ಓಡುತ್ತೇನೆ. ಇವತ್ತು ನಿನ್ನೆಯಿಂದ ಅಲ್ಲ, ಮದುವೆಯಾಗಿ ಬಂದ ಮೂರನೇ ತಿಂಗಳಿನಿಂದ. ಇಷ್ಟು ದಿನ ನಿನಗೆ ಹೇಳಲಿಲ್ಲ, ಅತ್ತೆಗೂ ಹೇಳಲಿಲ್ಲ.

ಹೈಸ್ಕೂಲಿನಲ್ಲಿದ್ದಾಗ ಮೂರು ಸಾವಿರ ಮೀಟರ್ ಓಡಿ ಯಲಬುರ್ಗಾದಲ್ಲಿ ಗೆದ್ದು, ಕೊಪ್ಪಳದಲ್ಲಿ ನಾಲ್ಕನೆಯವಳಾಗಿ ಮನೆಗೆ ಬಂದದ್ದು ನೆನಪಿದೆಯಾ? ನೀನು ರೊಟ್ಟಿ ಬಡಿಯುತ್ತಿದ್ದೆ. “ಹೆಣ್ಣುಹುಡುಗಿ ಓಡಿ ಎಲ್ಲಿಗಿ ಹೋಗಬೇಕಾಗೇತಿ” ಅಂದೆ. ಸಿಟ್ಟಿನಿಂದ ಅಂದದ್ದಲ್ಲ, ನನಗೆ ಗೊತ್ತು. ಆದರೂ ಆ ಮಾತು ನನ್ನ ಕಿವಿಯಲ್ಲಿ ಉಳಿದುಬಿಟ್ಟಿತು. ಮದುವೆ ಗೊತ್ತಾದ ಮೇಲೆ ಸರ್ಟಿಫಿಕೇಟುಗಳನ್ನು ನಿನ್ನ ಟ್ರಂಕಿನ ತಳಕ್ಕೆ ಹಾಕಿ ಮೇಲೆ ನಿನ್ನ ಸೀರೆ ಜೋಡಿಸಿದೆ. ಓಟ ಅಲ್ಲಿಗೆ ಮುಗಿಯಿತು ಅಂದುಕೊಂಡೇ ನಾನು ಸಿದ್ದಾಪುರಕ್ಕೆ ಬಂದೆ.

ಬಂದರೆ ಇಲ್ಲಿ ಕಾಲುವೆ ದಾರಿ! ನಮ್ಮ ಮಂಗಳೂರಿನ ಎರೆಹೊಲದ ದಾರಿಯಂತೆ ಕಾಲಿಗೆ ಮೆತ್ತುವುದಿಲ್ಲ, ಕೊರಕಲು ಇಲ್ಲ. ಒಂದು ಬದಿಗೆ ನೀರು, ಇನ್ನೊಂದು ಬದಿಗೆ ಗದ್ದೆ, ನಡುವೆ ನೇರ ದಾರಿ. ಅದನ್ನು ನೋಡಿದ ದಿನದಿಂದ ನನ್ನ ಅಂಗಾಲು ತುರಿಸಲು ಶುರುವಾಯಿತು. ಆದರೆ ಹೊಸ ಸೊಸೆ ಮುಂಜಾನೆ ಒಬ್ಬಳೇ ಹೊರಗೆ ಹೊರಟರೆ ಎಲ್ಲಿಗೆ, ಯಾಕೆ, ಯಾರ ಜೊತೆ ಅಂತ ಓಣಿ ಕೇಳುತ್ತದೆ. ಕೇಳದೆ ಇರುವುದು ಒಂದೇ ಸಲ, ಕೈಯಲ್ಲಿ ನೀರಿನ ಚರಿಗೆ ಇದ್ದಾಗ. ಚರಿಗೆ ಹಿಡಿದು ಬಯಲಕಡೆಗೆ ಹೋಗುವ ಹೆಣ್ಣುಮಗಳನ್ನು ಕಂಡರೆ ಎಂಥವರೂ ಮುಖ ಆಚೆ ತಿರುಗಿಸುತ್ತಾರೆ. ನಮ್ಮ ಮನೆಯಲ್ಲಿ ಆಗ ಸಂಡಾಸ ಇರಲಿಲ್ಲವಲ್ಲ, ಹಾಗಾಗಿ ದಿನಾ ಮುಂಜಾನೆ ಐದಕ್ಕೆ ಚರಿಗೆ ನನ್ನ ಕೈಯಲ್ಲೇ ಇರುತ್ತಿತ್ತು.

ಒಂದು ದಿನ ಕೆಲಸ ಮುಗಿಸಿ ವಾಪಸು ಬರುವಾಗ, ನಮ್ಮ ಗದ್ದೆಗೆ ನೀರು ಬಿಡುವ ತೂಬಿನ ಕಟ್ಟೆಯ ಮರೆಯಲ್ಲಿ ಚರಿಗೆ ಇಟ್ಟೆ, ಚಪ್ಪಲಿ ಬಿಟ್ಟೆ, ಕಾಲುವೆಯ ಮುಂದಿನ ಸೇತುವೆಯ ತನಕ ಓಡಿ ವಾಪಸು ಬಂದೆ. ಬರಿಗಾಲಲ್ಲಿ, ನೈಟಿಯ ಮೇಲೆ ದುಪಟ್ಟಾ ಬಿಗಿದು. ಎಷ್ಟು ಖುಷಿಯಾಯಿತು ಅಂದರೆ ಮನೆಗೆ ಬಂದು ಯಾರಿಗೂ ಕಾರಣ ಹೇಳದೆ ಎಲ್ಲರಿಗೂ ಎರಡೆರಡು ಸಲ ಚಹಾ ಮಾಡಿದೆ.

ಆಮೇಲೆ ದಿನಾ. ಅರ್ಧ ತಾಸಿಗಿಂತ ಹೆಚ್ಚು ಸಿಗುತ್ತಿರಲಿಲ್ಲ, ಅಷ್ಟರಲ್ಲಿ ಎಷ್ಟು ದೂರ ಆಗುತ್ತದೋ ಅಷ್ಟು. ದೂರದ ಓಟಕ್ಕೆ ಆಸೆಯಾದಾಗ ರವಿವಾರಕ್ಕೊಮ್ಮೆ ಹೊಟ್ಟೆ ಕೆಡಿಸಿಕೊಂಡೆ. ನಿಜವಾಗಿ ಅಲ್ಲ ಮಾರಾಯ್ತಿ, ಸುಳ್ಳೇ. ಒಂದೂವರೆ ತಾಸು ಕಳೆದು ಬಂದು ಹೊಟ್ಟೆ ಹಿಡಿದುಕೊಂಡು ಬಾಗಿಲಲ್ಲಿ ನಿಲ್ಲುತ್ತಿದ್ದೆ. ಅತ್ತೆ ನನ್ನ ಬೆವರು ನೋಡುತ್ತಿದ್ದರು, ಒಳಗೆ ಹೋಗಿ ಎರಡು ಶೇಂಗಾದ ಉಂಡಿ ತಂದು ಕೈಯಲ್ಲಿ ಇಡುತ್ತಿದ್ದರು. “ಹೊಟ್ಟಿ ಕೆಟ್ಟವ್ರು ಇದನ್ನ ತಿನ್ನಬೇಕು, ತಿನ್ನು” ಅನ್ನುತ್ತಿದ್ದರು. ಕಾಲುವೆ ಸೀಮೆಯ ವೈದ್ಯವೇ ಹೀಗೆ ಇರಬೇಕು ಅಂತ ನಾನೂ ತಿನ್ನುತ್ತಿದ್ದೆ.

ಇದು ಯಾವುದೂ ನಿನಗೆ ಗೊತ್ತಿಲ್ಲ. ನೀನು ಬಂದೆ, ಮನೆಯಲ್ಲಿ ಸಂಡಾಸ ಇಲ್ಲದ್ದು ನೋಡಿದೆ, ಅಂಗಳದಲ್ಲೇ ನಿಂತು ಅತ್ತೆಗೆ ಅಂದೆ. “ನಮ್ಮ ಒಣಾ ಭೂಮ್ಯಾಗ ಮಳಿಗಿ ಬಾಯಿ ತಕ್ಕೊಂಡು ಕುಂತೀವಿ, ಆದ್ರೂ ಮನ್ಯಾಗ ಸಂಡಾಸ ಐತಿ. ನಿಮಗ ವರ್ಷಕ್ಕ ಎರಡು ಬೆಳಿ ನೆಲ್ಲು ಬರ್ತೈತಿ, ನಾಕು ಗೋಡಿ ಕಟ್ಟಾಕ ಆಗಂಗಿಲ್ಲೇನ್ರಿ?” ಅವರು “ನಮ್ಮ ಮನಿ ಉಸಾಬರಿ ನಮಗ ಬಿಡ್ರಿ” ಅಂದರು. ನೀನು “ಇಂಥಾ ಮೊಂಡಿ ಮನಿಗಿ ಮಗಳನ್ನ ಕೊಟ್ಟೆ” ಅಂದು ಚಹಾ ಮುಟ್ಟದೆ ಬಸ್ಸು ಹತ್ತಿದೆ. ಎರಡು ವರ್ಷವಾಯಿತು, ನೀವಿಬ್ಬರೂ ಮಾತಾಡಿಲ್ಲ.

ನಿನ್ನ ಸಿಟ್ಟು ಸುಳ್ಳಲ್ಲ. ಮಳೆಗಾಲದಲ್ಲಿ ಬದುವಿನ ಮೇಲೆ ಕಾಲು ಜಾರುವಾಗ, ತಿಂಗಳ ಆ ನಾಲ್ಕು ದಿನ, ನನಗೂ ನಿನ್ನ ಮಾತು ಸರಿ ಅನಿಸುತ್ತಿತ್ತು. ಮಾವ ತೀರಿಕೊಂಡ ಮೇಲೆ ಮನೆ ಅತ್ತೆಯ ಹೆಸರಿನಲ್ಲಿದೆ, ಸರಕಾರದಿಂದ ಸಂಡಾಸ ಕಟ್ಟಿಸುವ ಅರ್ಜಿಗೆ ಅವರದೇ ಹೆಬ್ಬೆಟ್ಟು ಬೇಕು. ನಮ್ಮ ಊರಿನ ಆಶಾ ಕಾರ್ಯಕರ್ತೆ ರಜಿಯಾಬೇಗಂ ಅಕ್ಕ ಮೂರು ಸಲ ಅರ್ಜಿ ಹಿಡಿದು ಬಂದರು. ಮೂರು ಸಲವೂ ಅತ್ತೆ “ನನಗ ಗಾಳಿ ಬೇಕವಾ, ಆ ಡಬ್ಬ್ಯಾಗ ಕುಂದ್ರಂಗಿಲ್ಲ” ಅಂತ ಬೈದು ಕಳಿಸಿದರು. ಹಾಗಂತ ಅವರಿಗೇನು ಸುಖವಿತ್ತಾ? ಮೊಣಕಾಲು ನೋವಿನವರು, ಒಂದು ಕೈಯಲ್ಲಿ ಚರಿಗೆ, ಇನ್ನೊಂದು ಕೈ ಮೊಣಕಾಲಿನ ಮೇಲೆ, ಬದುವಿನ ಮೇಲೆ ನಿಂತು ನಿಂತು ಹೋಗುವುದನ್ನು ನೋಡಿ ನನಗೇ ಸಿಟ್ಟು ಬರುತ್ತಿತ್ತು. ಯಾಕೆ ಆ ಹಟ ಹಿಡಿದರೋ ನನಗೆ ಇವತ್ತಿಗೂ ಅರ್ಥವಾಗಿಲ್ಲ.

ಮುಂದಿನದು ನಿನಗೇ ಗೊತ್ತು. ಹೋದ ಪಂಚಮಿಗೆ ನಾನು ತವರಿಗೆ ಬಂದೆ. ಜೋಕಾಲಿ ಆಡಿ, ಜೋಳದ ಅಳ್ಳು ತಿಂದು, ಹೊರಡುವ ದಿನ ನೀನು ನನ್ನ ಬ್ಯಾಗು ಕಿತ್ತುಕೊಂಡು “ಸಂಡಾಸ ಕಟ್ಟಿದ ಮ್ಯಾಲ ಮಗಳನ್ನ ಕಳಸ್ತೀನಿ” ಅಂತ ಅಳಿಯನಿಗೆ ಫೋನ್ ಮಾಡಿದೆ. ಸ್ಪೀಕರಿನಲ್ಲಿ. ಮರುದಿನವೇ ಅತ್ತೆ ಹೆಬ್ಬೆಟ್ಟು ಒತ್ತಿದರಂತೆ. ನಾಲ್ಕು ವಾರಕ್ಕೆ ನಾನು ವಾಪಸು ಬಂದೆ, ಹಿತ್ತಿಲಲ್ಲಿ ನೀಲಿ ಬಾಗಿಲಿನ ಸಂಡಾಸ ಎದ್ದು ನಿಂತಿತ್ತು. ನೀನು ಗೆದ್ದೆ ಅವ್ವಾ. ಇಡೀ ಮಂಗಳೂರಿಗೆ ಹೇಳಿಕೊಂಡು ತಿರುಗಿದೆ.

ಮರುದಿನ ಮುಂಜಾನೆ ಐದಕ್ಕೆ ಎದ್ದು ರೂಢಿಯಂತೆ ಚರಿಗೆ ತುಂಬಿಸಿಕೊಂಡು ಬಾಗಿಲು ತೆಗೆದೆ. ಒಲೆಯ ಮುಂದೆ ಕೂತ ಅತ್ತೆ ನನ್ನ ಕೈಯಲ್ಲಿದ್ದ ಚರಿಗೆ ನೋಡಿದರು, ಹಿತ್ತಿಲ ಕಡೆ ನೋಡಿದರು. ಚರಿಗೆ ಕೆಳಗಿಟ್ಟು ಹಿತ್ತಿಲಿಗೆ ಹೋದೆ. ನಗಬೇಡ, ಆ ಹೊಸ ಸಂಡಾಸದ ಬಾಗಿಲು ಹಾಕಿಕೊಂಡು ಒಳಗೆ ಕೂತು ಕಣ್ಣೀರು ಹಾಕಿದೆ. ಮಗಳ ಸುಖಕ್ಕೆ ಅಂತ ನೀನು ಹೋರಾಡಿ ಕಟ್ಟಿಸಿದ್ದು, ನನ್ನ ಓಟವನ್ನೇ ಕಟ್ಟಿಹಾಕಿತ್ತು. ಇದನ್ನು ಯಾರ ಮುಂದೆ ಹೇಳಲಿ?

ಮೂರು ವಾರ ಓಡಲಿಲ್ಲ. ಎಲ್ಲದಕ್ಕೂ ಸಿಡುಕು. ಅಂಥದರಲ್ಲಿ ರಜಿಯಾಬೇಗಂ ಅಕ್ಕ ಒಂದು ಕರಪತ್ರ ತಂದು ಕೊಟ್ಟರು. ಜನವರಿ ಇಪ್ಪತ್ತಾರಕ್ಕೆ ಗಂಗಾವತಿಯಲ್ಲಿ ಓಟದ ಸ್ಪರ್ಧೆ, ಹೆಣ್ಣುಮಕ್ಕಳಿಗೂ ಇಪ್ಪತ್ತೊಂದು ಕಿಲೋಮೀಟರು. “ಓದಿ ನೋಡು, ಯಾರರ ಹುಡುಗ್ಯಾರು ಇದ್ರ ಹೇಳು” ಅಂದರು. ನಾನು ಅದನ್ನು ಮಡಚಿ ಅಕ್ಕಿಯ ಡಬ್ಬಿಯಲ್ಲಿ ಇಟ್ಟೆ. ದಿನಾ ಅಕ್ಕಿ ತೆಗೆಯುವಾಗ ಕೈಗೆ ತಾಗುತ್ತಿತ್ತು.

ಆಗ ನಮ್ಮ ಗದ್ದೆಯ ನಾಟಿ, ಈ ಭಾಗಕ್ಕೆಲ್ಲ ಕಡೆಯದು. ನೀನು ನಾಟಿ ಹಚ್ಚಿದವಳಲ್ಲ, ಅದಕ್ಕೆ ಹೇಳುತ್ತೇನೆ. ಸಸಿ ಹಚ್ಚುವವರು ಬಗ್ಗಿ ಹಿಂದಕ್ಕೆ ಹಿಂದಕ್ಕೆ ಹೋಗುತ್ತಾರೆ. ಹಚ್ಚಿದ್ದು ಕಣ್ಣ ಮುಂದೆ ಇರುತ್ತದೆ, ಹಚ್ಚಬೇಕಾದದ್ದು ಬೆನ್ನ ಹಿಂದೆ. ಒಣಭೂಮಿಯಲ್ಲಿ ಬೆಳೆದ ನಾನು ಮೂರು ವರ್ಷವಾದರೂ ಅದಕ್ಕೆ ಒಗ್ಗಿಲ್ಲ. ಇನ್ನೂ ಎಷ್ಟು ಉಳಿದಿದೆ ಅಂತ ಹೊರಳಿ ಹೊರಳಿ ನೋಡುತ್ತೇನೆ. ಅವತ್ತು ಹಾಗೆ ಹೊರಳಿ ನೋಡಲು ಹೋಗಿ ಕೆಸರಿನಲ್ಲಿ ಧೊಪ್ಪನೆ ಕೂತೆ. ಹೆಣ್ಣಾಳುಗಳೆಲ್ಲ ಬಿದ್ದು ಬಿದ್ದು ನಕ್ಕರು. ಅತ್ತೆ ನಗಲಿಲ್ಲ. “ಹಿಂದ ಏನ್ ನೋಡ್ತಿ, ಅದು ಓಡಿ ಹೋಗಂಗಿಲ್ಲ. ನೀ ಹಚ್ಚಿದ್ದರ ನೋಡು, ಎಷ್ಟು ಛಂದ ನಿಂತಾವ” ಅಂದರು.

ನೋಡಿದೆ. ಗದ್ದೆಯ ಅರ್ಧ ಮಡಿ ಹಸಿರಾಗಿತ್ತು, ಅದರಲ್ಲಿ ನನ್ನ ಸಾಲುಗಳೂ ಇದ್ದವು, ಸೊಟ್ಟಪಟ್ಟ. ಏನಾಯಿತೋ ಏನೋ, ಕೆಸರಿನಲ್ಲಿ ಕೂತಲ್ಲೇ “ಅತ್ತಿ, ನಾ ಓಡಬೇಕ್ರಿ” ಅಂದುಬಿಟ್ಟೆ. ಎಲ್ಲ ಹೇಳಿದೆ. ತೂಬು, ಚಪ್ಪಲಿ, ಕೆಡದ ಹೊಟ್ಟೆ, ಅಕ್ಕಿ ಡಬ್ಬಿಯ ಕರಪತ್ರ. ಅವರಿಗೆ ಒಂಚೂರೂ ಆಶ್ಚರ್ಯ ಆಗಲಿಲ್ಲ, ಅದೇ ನನಗೆ ಆಶ್ಚರ್ಯ. “ನಿಮಗ ಮೊದಲ ಗೊತ್ತಿತ್ತೇನ್ರಿ?” ಅಂತ ಕೇಳಿದೆ. “ಸಸಿ ಒಣಗತಾವ, ಏಳು” ಅಂದರು. ಒಂದು ಸಾಲು ಹಚ್ಚಿ ತಮ್ಮಷ್ಟಕ್ಕೆ ಅಂದರು, “ನೀ ಬಾಯಿ ಬಿಟ್ಟು ಹೇಳದ ನಾ ಹೆಂಗ ಕೇಳ್ಲಿ?”

ಮರುದಿನ ಮುಂಜಾನೆ ಅವರೇ ನನ್ನ ಜೊತೆ ಹೊರಟರು. ತೂಬಿನ ಕಟ್ಟೆಯ ಮೇಲೆ ಕೌದಿ ಹೊದ್ದು ಕೂತರು. ನಮ್ಮವರು, ಹೆಸರು ಹಿಡಿದೇ ಬರೆಯುತ್ತೇನೆ, ಗಾಳೇಶ, ಬೈಕಿನಲ್ಲಿ ಹೋಗಿ ಅಳೆದು ಬಂದರು. ತೂಬಿನಿಂದ ಸೇತುವೆಗೆ ಹೋಗಿ ಬಂದರೆ ಎರಡೂವರೆ ಕಿಲೋಮೀಟರು. ಗಂಗಾವತಿಯಿಂದ ಶೂ ತಂದರು. ಅಳತೆಯನ್ನು ತಮ್ಮ ಗೇಣಿನಿಂದ ತೆಗೆದಿದ್ದರು, ಹಾಗಾಗಿ ಒಂದು ನಂಬರು ದೊಡ್ಡದು. ಎರಡು ಜೊತೆ ಕಾಲುಚೀಲ ಹಾಕಿ ಓಡುತ್ತೇನೆ.

ಇನ್ನೇನು ಎಲ್ಲ ಸುಸೂತ್ರ ಅಂದುಕೊಳ್ಳುತ್ತೀ. ಇಲ್ಲ. ಮೊದಲು ನನ್ನನ್ನು ಹಾಸಿಗೆಯಿಂದ ಎಬ್ಬಿಸುತ್ತಿದ್ದದ್ದು ಕದ್ದು ಓಡುವ ಖುಷಿ. ಕದಿಯುವಂಥದ್ದು ಏನೂ ಇಲ್ಲದ ಮೇಲೆ ಬರೀ ಓಟ ಉಳಿಯಿತು, ಬರೀ ಓಟ ಭಾಳ ಬೇಸರದ ಕೆಲಸ. ಅದೇ ತೂಬು, ಅದೇ ಸೇತುವೆ, ಅದೇ ಬೆಳ್ಳಕ್ಕಿ. ಅರ್ಧ ತಾಸಿನ ಓಟ ಬೇರೆ, ಎರಡು ತಾಸಿನ ಓಟವೇ ಬೇರೆ. ಮೊದಲ ಸುತ್ತಿನಲ್ಲಿ ಮೈ ಬಗ್ಗುವುದಿಲ್ಲ, ನಾಲ್ಕನೇ ಸುತ್ತಿಗೆ ಮನಸ್ಸು ಜಗಳ ತೆಗೆಯುತ್ತದೆ. ಯಾರಿಗೆ ಬೇಕಾಗಿದೆ ಇದು, ಮನೆಗೆ ಹೋಗಿ ಮಲಗು ಅನ್ನುತ್ತದೆ. ಆಗ ನಿನ್ನ ಮಾತೂ ಬಂದು ಸೇರಿಕೊಳ್ಳುತ್ತದೆ, ಓಡಿ ಎಲ್ಲಿಗಿ ಹೋಗಬೇಕಾಗೇತಿ.

ಅತ್ತೆ ಒಂದು ಉಪಾಯ ಮಾಡಿದರು. ನಾನು ಒಂದು ಸುತ್ತು ಮುಗಿಸಿದರೆ ತೂಬಿನ ಕಟ್ಟೆಯ ಮೇಲೆ ಒಂದು ಕಲ್ಲಿನ ಹರಳು ಇಡುತ್ತಾರೆ. ಇನ್ನು ಎಷ್ಟು ಉಳಿದವು ಅಂತ ಕೇಳಿದರೆ ಹೇಳುವುದಿಲ್ಲ. “ಉಳಿದಿದ್ದು ನನ್ನ ಕೇಳಬ್ಯಾಡ, ನಾ ಸಾಲಿ ಕಲ್ತಾಕಿ ಅಲ್ಲ. ಆಗಿದ್ದು ಇಲ್ಲಿ ಅದಾವ, ನೋಡ್ಕೊ” ಅನ್ನುತ್ತಾರೆ. ನಾನು ಓಡುತ್ತ ಬಂದು ಹರಳಿನ ಸಾಲು ನೋಡಿ ಮತ್ತೆ ಹೊರಡುತ್ತೇನೆ. ಇಷ್ಟೇ ಅವ್ವಾ. ನನ್ನ ಮೂರು ತಿಂಗಳ ಧೈರ್ಯ ಅಷ್ಟು ಹರಳಿನಲ್ಲಿದೆ.

ಆದರೂ ಒಂದು ಸಲ ಪೂರಾ ಬಿಟ್ಟಿದ್ದೆ. ನವೆಂಬರಿನಲ್ಲಿ ನಮಗಿಂತ ಮೊದಲು ನಾಟಿ ಮಾಡಿದವರ ಕೊಯ್ಲಾಗಿ ದಾರಿಯ ಮೇಲೆ ನೆಲ್ಲು ಒಣಹಾಕಿದ್ದರು. ಅದರ ಅಂಚಿನಲ್ಲಿ ಕಾಲು ಇಟ್ಟು ಓಡುವಾಗ ಒಬ್ಬಾಕೆ ಕೇಳುವಂತೆಯೇ ಅಂದಳು, “ಮನ್ಯಾಗ ಸಂಡಾಸ ಕಟ್ಟಿಸಿದ್ರೂ ಬಯಲಾಗ ಓಡ್ತಾಳ. ಹಿಂಗ ಓಡಿದ್ರ ಮಕ್ಕಳು ಎಲ್ಲಿಂದ ಆಗಬೇಕು.” ನಾನು ಅಲ್ಲಿಯೇ ತಿರುಗಿದೆ. ನಡೆದುಕೊಂಡು ಮನೆಗೆ ಬಂದೆ. ಹತ್ತು ದಿನ ಶೂ ಮುಟ್ಟಲಿಲ್ಲ. ಅತ್ತೆ ಬಾ ಅನ್ನಲಿಲ್ಲ, ಬೇಡ ಅನ್ನಲಿಲ್ಲ, ತಾವೊಬ್ಬರೇ ದಿನಾ ಮುಂಜಾನೆ ತೂಬಿಗೆ ಹೋಗಿ ಕೂತು ಬರುತ್ತಿದ್ದರು. ಆ ಚಳಿಯಲ್ಲಿ, ಆ ಮೊಣಕಾಲಿನಲ್ಲಿ. ಹನ್ನೊಂದನೇ ದಿನ ನನಗೇ ತಡೆಯದೆ ಹಿಂದೆ ಹೋದೆ. ದಾರಿಯಲ್ಲಿ ಆ ಹೆಣ್ಣುಮಗಳ ಮನೆಯ ಮುಂದೆ ಬಂದಾಗ ಅತ್ತೆ ನಿಂತು, ಅವಳಿಗೆ ಕೇಳುವಂತೆ ನನಗೆ ಹೇಳಿದರು, “ನಾ ಗಾಳೇಶನ್ನ ಹೊಟ್ಟ್ಯಾಗ ಇಟ್ಕೊಂಡು ಎಂಟು ತಿಂಗಳ ತನಕಾ ನಾಟಿ ಹಚ್ಚೀನಿ. ಓಡಿದ್ರ ಮಕ್ಕಳಾಗಂಗಿಲ್ಲಂತ ಯಾವ ಸಾಲ್ಯಾಗ ಕಲಸ್ಯಾರ?” ಅವತ್ತು ನಾನು ಐದು ಸುತ್ತು ಓಡಿದೆ.

ಇವತ್ತಿನದು ಎಂಟು. ಇಪ್ಪತ್ತು ಕಿಲೋಮೀಟರು, ಎರಡು ತಾಸು ಹದಿನಾರು ನಿಮಿಷ. ಆರನೇ ಸುತ್ತಿಗೆ ಕಾಲು ನನ್ನವಲ್ಲ ಅನಿಸಿತು. ತೂಬಿನ ಹತ್ತಿರ ಬಂದು ನಿಂತೇಬಿಡೋಣ ಅಂತ ಬಂದೆ. ಕಟ್ಟೆಯ ಮೇಲೆ ಆರು ಹರಳು ಒಂದೇ ಸಾಲಿನಲ್ಲಿ ಕೂತಿದ್ದವು. ಇಷ್ಟನ್ನು ಮಾಡಿದವಳು ನಾನೇ ತಾನೆ, ಇವಳಿಗೆ ಇನ್ನೆರಡು ಆಗುವುದಿಲ್ಲವಾ ಅನಿಸಿತು. ಆಯಿತು. ಕೊನೆಯ ಹರಳು ಇಟ್ಟು ಅತ್ತೆ ತಮ್ಮ ಕೌದಿ ತೆಗೆದು ನನಗೆ ಹೊದಿಸಿದರು. ಚಳಿಗೆ ಅಂದರು.

ಅದಕ್ಕೇ ಈ ಪತ್ರ. ಇಪ್ಪತ್ತಾರಕ್ಕೆ ಮುಂಜಾನೆ ಆರಕ್ಕೆ ಓಟ ಶುರು. ಗಂಗಾವತಿಯಿಂದ ಆನೆಗುಂದಿ ರಸ್ತೆ ಹಿಡಿದು ಹತ್ತೂವರೆ ಕಿಲೋಮೀಟರು ಹೋಗಿ ತಿರುಗಿ ಬರಬೇಕು. ಓಡಿ ಎಲ್ಲಿಗೆ ಹೋಗುತ್ತೀ ಅಂತ ಕೇಳಿದ್ದೆಯಲ್ಲ, ಉತ್ತರ ಇದು. ಎಲ್ಲಿಗೂ ಹೋಗುವುದಿಲ್ಲ ಅವ್ವಾ, ಹೊರಟಲ್ಲಿಗೇ ಬರುತ್ತೇನೆ. ಬಂದಾಗ ನೀನು ಅಲ್ಲಿ ಇರಬೇಕು. ಗೆಲ್ಲುತ್ತೇನೆ ಅಂತ ಹೇಳುವುದಿಲ್ಲ, ನನಗಿಂತ ಜೋರಾಗಿ ಓಡುವವರು ಭಾಳ ಮಂದಿ ಇರುತ್ತಾರೆ. ಮುಗಿಸುತ್ತೇನೆ, ಅಷ್ಟು ನನಗೆ ಗೊತ್ತು.

ಹಿಂದಿನ ದಿನವೇ ಬಂದುಬಿಡು. ಟ್ರಂಕಿನ ತಳದಲ್ಲಿರುವ ಕೊಪ್ಪಳದ ಸರ್ಟಿಫಿಕೇಟು ತಾ, ಅತ್ತೆ ನೋಡಬೇಕಂತೆ. ಓಟ ಮುಗಿದ ಮೇಲೆ ನನಗೆ ಕುಡಿಯಲು ಅವರು ನೀರು ತರುತ್ತಾರೆ. ಅದಕ್ಕೆ ಅಂತಲೇ ಹೊಸ ತಾಮ್ರದ ತಂಬಿಗೆ ಕೊಂಡಿದ್ದಾರೆ. ಹಳೆಯ ಚರಿಗೆ ಅಲ್ಲ, ಮುಖ ಸಿಂಡರಿಸಬೇಡ. ನೀನು ಅವರೊಂದಿಗೆ ಮಾತಾಡಬೇಕು ಅಂತ ನಾನು ಒತ್ತಾಯ ಮಾಡುವುದಿಲ್ಲ. ಒಂದೇ ಕಡೆ ನಿಂತರೆ ಸಾಕು.

ನಿನ್ನ ಮಗಳು,
ಲಲಿತಾ

ತಾ.ಕ. ಸೋಮವಾರ ಮುಂಜಾನೆ. ಪತ್ರ ಅಂಟಿಸುವಷ್ಟರಲ್ಲಿ ರಜಿಯಾಬೇಗಂ ಅಕ್ಕ ಬಂದರು. ನಮ್ಮ ಅವ್ವನಿಗೂ ಅತ್ತೆಗೂ ಸಂಡಾಸದ ಸಲುವಾಗಿ ಮಾತು ನಿಂತಿದೆ, ಬರುತ್ತಾಳೋ ಇಲ್ಲವೋ ಅಂತ ಅಂದೆ. ಅವರು ಅತ್ತೆ ಹೊರಗೆ ಹೋಗುವ ತನಕ ಕಾದು ಹೇಳಿದರು. ಮೂರನೇ ಸಲ ಬೈಸಿಕೊಂಡಾಗ ಅವರು ಬಿಡದೆ ಅತ್ತೆಯ ಬೆನ್ನುಹತ್ತಿ ತೂಬಿನ ತನಕ ಹೋಗಿದ್ದರಂತೆ. ಅಲ್ಲಿ ಕಟ್ಟೆಯ ಮರೆಯಲ್ಲಿ ನನ್ನ ಚರಿಗೆ, ಚಪ್ಪಲಿ. ದೂರದಲ್ಲಿ ನಾನು. ಅತ್ತೆ ಅವೆರಡನ್ನೂ ತೋರಿಸಿ ಹೇಳಿದರಂತೆ, “ಮನ್ಯಾಗ ಸಂಡಾಸ ಬಂದ್ರ ಈ ಹುಡುಗಿ ಏನ್ ನೆವಾ ಹೇಳಿ ಹೊರಗ ಬರಬೇಕು? ನನ್ನ ಮೊಣಕಾಲು ಇಷ್ಟು ದಿನ ನಡದಾವ, ಇನ್ನಷ್ಟು ದಿನ ನಡೀತಾವ. ನೀ ಯಾರ ಮುಂದೂ ಅನಬ್ಯಾಡ.” ಎರಡು ವರ್ಷ ಅವ್ವಾ. ನೀನು ಬೈದಾಗಲೂ ಬಾಯಿ ಬಿಡಲಿಲ್ಲ. ಮೇಲೆ ಬರೆದ ಕೊನೆಯ ಮಾತನ್ನು ಹೊಡೆದುಹಾಕಿದ್ದೇನೆ ಅಂತ ತಿಳಿ. ಬರೀ ಒಂದೇ ಕಡೆ ನಿಂತರೆ ಸಾಲದು. ಅವರಿಗೆ ಹೆಚ್ಚು ಹೊತ್ತು ನಿಲ್ಲಲು ಆಗುವುದಿಲ್ಲ, ನಾನು ಬರುವ ತನಕ ನಿನ್ನ ಕೈ ಕೊಡು.